ಖಾಲಿ ಗೋಲಿನ ಎರಡು ನಿಮಿಷ: ಐಸ್ ಹಾಕಿ ಬೆಟ್ಟಿಂಗ್ ನಡೆಯುವ ಬಗೆ

2019ರ ಜನವರಿ 3ರ ಬೆಳಿಗ್ಗೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಅಂಕಪಟ್ಟಿ ತೆಗೆದು ನೋಡಿದವರಿಗೆ ಸೇಂಟ್ ಲೂಯಿಸ್ ಬ್ಲೂಸ್ ತಂಡ ಕಟ್ಟಕಡೆಯಲ್ಲಿ ಕಾಣುತ್ತಿತ್ತು. 31 ತಂಡಗಳಲ್ಲಿ 31ನೆಯದು. ಅದೇ ತಿಂಗಳು ಕೆಲಸದ ಮೇಲೆ ಲಾಸ್ ವೇಗಸ್‌ಗೆ ಹೋಗಿದ್ದ ಆ ತಂಡದ ಅಭಿಮಾನಿಯೊಬ್ಬ, ಈ ಸಲದ ಸ್ಟ್ಯಾನ್ಲಿ ಕಪ್, ಅಂದರೆ ಲೀಗ್‌ನ ಚಾಂಪಿಯನ್ ಪಟ್ಟ, ಬ್ಲೂಸ್‌ಗೇ ಎಂದು 400 ಡಾಲರ್ ಕಟ್ಟಿದ. ರೇಟು 250ಕ್ಕೆ 1. ಜೂನ್ 12ರ ರಾತ್ರಿ ಬಾಸ್ಟನ್‌ನಲ್ಲಿ ಫೈನಲ್‌ನ ಏಳನೇ ಪಂದ್ಯ ಗೆದ್ದು ಬ್ಲೂಸ್ ಕಪ್ ಎತ್ತಿತು. ಅವನ ಚೀಟಿ 1 ಲಕ್ಷ ಡಾಲರ್ ಆಯಿತು.

ನಾನಿರುವುದು ಟೊರೊಂಟೊ ಪಕ್ಕದ ಮಿಸ್ಸಿಸಾಗದಲ್ಲಿ. ಇಲ್ಲಿ ಹಾಕಿ ಬೆಟ್ಟಿಂಗ್ ಮಾತು ಬಂದರೆ ಯಾರಾದರೊಬ್ಬರು ಈ ಕಥೆ ತೆಗೆದೇ ತೆಗೆಯುತ್ತಾರೆ. ಎಲ್ಲರೂ ಆ ಒಂದು ಲಕ್ಷದ ಬಗ್ಗೆ ಮಾತಾಡುತ್ತಾರೆ. ಆದರೆ 250ಕ್ಕೆ 1 ಅನ್ನೋದು ಆ ದಿನಕ್ಕೆ ಒಳ್ಳೆಯ ರೇಟಾಗಿತ್ತಾ, ಕೆಟ್ಟ ರೇಟಾಗಿತ್ತಾ ಅಂತ ಯಾರೂ ಕೇಳುವುದಿಲ್ಲ. ಬೆಟ್ಟಿಂಗ್ ಇರುವುದೇ ಆ ಪ್ರಶ್ನೆಯಲ್ಲಿ. ಯಾರು ಗೆಲ್ಲುತ್ತಾರೆ ಎಂದು ಊಹಿಸುವುದು ಅದರಲ್ಲಿ ಅರ್ಧ ಕೆಲಸ ಮಾತ್ರ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನಮ್ಮಲ್ಲಿ ಹಾಕಿ ಅಂದರೆ ಕೊಡಗು, ಹುಲ್ಲು ಮೈದಾನ, ಬಿಳಿ ಚೆಂಡು. ಕೆನಡಾದಲ್ಲಿ ಹಾಕಿ ಅಂದರೆ ಮಂಜುಗಡ್ಡೆ ಮೇಲಿನ ಆಟ. ನಮ್ಮದನ್ನು ಅವರು ‘ಫೀಲ್ಡ್ ಹಾಕಿ’ ಎಂದು ಬೇರೆ ಹೆಸರಿಟ್ಟು ಕರೆಯುತ್ತಾರೆ. ಬೆಟ್ಟಿಂಗಿಗೆ ಬೇಕಾದಷ್ಟು ಆಟ ಇಷ್ಟೇ: 200 ಅಡಿ ಉದ್ದ, 85 ಅಡಿ ಅಗಲದ ಐಸ್ ಅಂಗಳ. ಒಂದೊಂದು ಕಡೆ ಗೋಲ್‌ಕೀಪರ್ ಸೇರಿ ಆರು ಜನ. ಚೆಂಡಿನ ಬದಲು ಪಕ್ ಅನ್ನೋ ರಬ್ಬರ್ ಬಿಲ್ಲೆ, ಮೂರು ಇಂಚು ಅಗಲ, ಒಂದು ಇಂಚು ದಪ್ಪ. 20 ನಿಮಿಷದ ಮೂರು ಪೀರಿಯಡ್. ತಪ್ಪು ಮಾಡಿದವನು ಸಾಮಾನ್ಯವಾಗಿ ಎರಡು ನಿಮಿಷ ಹೊರಗೆ ಕೂರಬೇಕು, ಅಷ್ಟು ಹೊತ್ತು ಅವನ ತಂಡ ಒಬ್ಬ ಕಮ್ಮಿಯಲ್ಲಿ ಆಡಬೇಕು. ಅದು ಎದುರಾಳಿಗೆ ಪವರ್ ಪ್ಲೇ. ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ ಆರರ ಆಸುಪಾಸು ಗೋಲು. ಈ ಆರು ಅನ್ನೋ ಸಂಖ್ಯೆ ನೆನಪಿರಲಿ. ಗೋಲು ಕಮ್ಮಿಯಾದಷ್ಟೂ ಅದೃಷ್ಟದ ಕೈ ಜಾಸ್ತಿ.

ಈಗ ರೇಟು ಓದುವುದು. ಅಮೆರಿಕದ ಪದ್ಧತಿಯಲ್ಲಿ ಆಡ್ಸ್ ಹೀಗೆ ಬರೆಯುತ್ತಾರೆ: ತವರು ತಂಡ -150, ಅತಿಥಿ ತಂಡ +130. ಮೈನಸ್ ಇದ್ದರೆ, 100 ಡಾಲರ್ ಲಾಭ ಬೇಕೆಂದರೆ ಎಷ್ಟು ಕಟ್ಟಬೇಕು ಎಂದು ಹೇಳುತ್ತಿದೆ. ಪ್ಲಸ್ ಇದ್ದರೆ, 100 ಡಾಲರ್ ಕಟ್ಟಿದರೆ ಎಷ್ಟು ಲಾಭ ಎಂದು ಹೇಳುತ್ತಿದೆ. ಅಂದರೆ ತವರು ತಂಡದ ಮೇಲೆ 150 ಕಟ್ಟಿ ಗೆದ್ದರೆ 100 ಲಾಭ, ಅತಿಥಿಯ ಮೇಲೆ 100 ಕಟ್ಟಿ ಗೆದ್ದರೆ 130 ಲಾಭ. ಇದೇ ರೇಟನ್ನು ದಶಮಾಂಶದಲ್ಲಿ ಬರೆದರೆ 1.67 ಮತ್ತು 2.30. ಕಟ್ಟಿದ ದುಡ್ಡಿಗೆ ಇದನ್ನು ಗುಣಿಸಿದರೆ ಅಸಲೂ ಸೇರಿ ಕೈಗೆ ಬರುವ ಮೊತ್ತ. ನಮ್ಮಂಥವರಿಗೆ ದಶಮಾಂಶವೇ ಸುಲಭ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿಕೊಳ್ಳಬಹುದು.

ಆದರೆ ರೇಟಿನ ನಿಜವಾದ ಅರ್ಥ ಶೇಕಡಾವಾರಿನಲ್ಲಿದೆ. 100ನ್ನು 1.67ರಿಂದ ಭಾಗಿಸಿ: ಸುಮಾರು 60. ಅಂದರೆ ಈ ರೇಟಿನಲ್ಲಿ ತವರು ತಂಡದ ಮೇಲೆ ಕಟ್ಟುವವನು ನೂರಕ್ಕೆ 60 ಸಲ ಗೆದ್ದರೆ ಮಾತ್ರ ಅಸಲು ಉಳಿಯುತ್ತದೆ. 100ನ್ನು 2.30ರಿಂದ ಭಾಗಿಸಿ: 43.5. ಎರಡನ್ನೂ ಕೂಡಿದರೆ 103.5. ಒಂದು ಪಂದ್ಯದಲ್ಲಿ ಯಾರಾದರೂ ಒಬ್ಬರು ಗೆಲ್ಲುವ ಸಾಧ್ಯತೆ ನೂರಕ್ಕೆ ನೂರು ತಾನೇ? ಮತ್ತೆ ಈ ಮೂರೂವರೆ ಎಲ್ಲಿಂದ ಬಂತು?

ಅದು ಸ್ಪೋರ್ಟ್ಸ್‌ಬುಕ್, ಅಂದರೆ ಬಾಜಿ ಕಟ್ಟಿಸಿಕೊಳ್ಳುವ ಕಂಪನಿಯವರ ಕಮಿಷನ್. ಅಡಿಕೆ ಮಂಡಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳೆಗಾರನಿಗೆ ರೇಟು ಸಿಗಲಿ ಬಿಡಲಿ, ಕೊಂಡವನಿಗೆ ಲಾಭ ಆಗಲಿ ಬಿಡಲಿ, ನಡುವೆ ಕೂತವರಿಗೆ ಅವರ ಕಮಿಷನ್ ಬಂದೇ ಬರುತ್ತದೆ. ವ್ಯತ್ಯಾಸ ಏನೆಂದರೆ ಮಂಡಿಯಲ್ಲಿ ಕಮಿಷನ್ ಎಷ್ಟೆಂದು ಚೀಟಿಯಲ್ಲಿ ಬರೆಯುತ್ತಾರೆ. ಇಲ್ಲಿ ರೇಟಿನೊಳಗೇ ಅಡಗಿಸಿಟ್ಟಿರುತ್ತಾರೆ, ನಾವೇ ಭಾಗಾಕಾರ ಮಾಡಿ ಹೊರಗೆ ತೆಗೆಯಬೇಕು. ಆ ಕಮಿಷನ್ ಕಳೆದು ನೋಡಿದರೆ ಮೇಲಿನ ಪಂದ್ಯದಲ್ಲಿ ತವರು ತಂಡಕ್ಕೆ ಅವರು ಕೊಡುತ್ತಿರುವ ನಿಜವಾದ ಸಾಧ್ಯತೆ ಸುಮಾರು 58. ಅಲ್ಲ, ಅದು 62 ಇದೆ ಅಂತ ನಿಮಗೆ ಗಟ್ಟಿ ಕಾರಣವಿದ್ದರೆ ಆ ಬಾಜಿಗೆ ಅರ್ಥವಿದೆ. 58ಕ್ಕೆ 58 ಅನಿಸಿದರೆ, ತಂಡ ಗೆದ್ದರೂ ನೀವು ಕೊಂಡದ್ದು ದುಬಾರಿ ಮಾಲು.

ಇದುವರೆಗೆ ಹೇಳಿದ್ದು ಮನಿಲೈನ್ ಅನ್ನೋ ಸಾದಾ ಬಾಜಿ. ಯಾರು ಗೆಲ್ಲುತ್ತಾರೆ, ಅಷ್ಟೇ. ಇಲ್ಲಿಂದ ಮುಂದೆ ಹಾಕಿಯದ್ದೇ ಆದ ತಿರುವುಗಳು ಶುರು.

60 ನಿಮಿಷ ಮುಗಿದಾಗ ಎರಡೂ ತಂಡ ಸಮ ಇದ್ದರೆ ಏನು? ಲೀಗ್ ಹಂತದಲ್ಲಿ ಐದು ನಿಮಿಷದ ಓವರ್‌ಟೈಮ್. ಒಂದೊಂದು ಕಡೆ ಮೂರು ಮೂರೇ ಆಟಗಾರರು, ಜೊತೆಗೆ ಗೋಲ್‌ಕೀಪರ್. ಈ ಮೂವರ ಓವರ್‌ಟೈಮ್ ಬಂದದ್ದು 2015-16ರ ಸೀಸನ್ನಿನಲ್ಲಿ. ಮೊದಲು ಗೋಲು ಹೊಡೆದವರು ಗೆದ್ದರು. ಆಗಲೂ ಆಗದಿದ್ದರೆ ಶೂಟೌಟ್, ಅದು 2005-06ರಿಂದ ಇದೆ. ನಾಲ್ಕೈದು ಪಂದ್ಯಗಳಲ್ಲಿ ಒಂದು 60 ನಿಮಿಷದಾಚೆಗೆ ಹೋಗುತ್ತದೆ. ಅದು ಸಣ್ಣ ಸಂಖ್ಯೆಯಲ್ಲ.

ಇದರಿಂದಾಗಿ ಒಂದೇ ಪಂದ್ಯಕ್ಕೆ ಎರಡು ಬಗೆಯ ‘ಗೆಲುವಿನ ಬಾಜಿ’ ಇರುತ್ತವೆ. ಒಂದು ಮನಿಲೈನ್: ಓವರ್‌ಟೈಮ್, ಶೂಟೌಟ್ ಎಲ್ಲ ಸೇರಿ ಕೊನೆಗೆ ಯಾರು ಗೆದ್ದರು ಅನ್ನೋದು. ಇನ್ನೊಂದು 60 ನಿಮಿಷದ ಬಾಜಿ: ತವರು, ಅತಿಥಿ, ಸಮ ಎಂದು ಮೂರು ಆಯ್ಕೆ. ಮೇಲಿನದೇ ಪಂದ್ಯಕ್ಕೆ ಇದು ಹೆಚ್ಚುಕಮ್ಮಿ 2.05, 3.15, 4.15 ಹೀಗಿರಬಹುದು. ನೋಡಿ, ಅದೇ ತವರು ತಂಡ, 1.67ರ ಜಾಗದಲ್ಲಿ 2.05! ಹೊಸಬರು ಖುಷಿಯಿಂದ ಅದನ್ನೇ ಒತ್ತುತ್ತಾರೆ. ಹಾಸನ ಕಡೆಯ ನನ್ನ ಗೆಳೆಯನೊಬ್ಬ ಹೀಗೇ ಒತ್ತಿದ್ದ. ಅವನ ತಂಡ ಓವರ್‌ಟೈಮ್‌ನಲ್ಲಿ ಗೆದ್ದಾಗ ಸೋಫಾದಿಂದ ಎಗರಿ ಕುಣಿದ. ಫೋನ್ ತೆಗೆದು ನೋಡಿದರೆ ಬಾಜಿ ಸೋತಿತ್ತು. "ಮೋಸ ಮಾರಾಯ ಇದು, ಗೆದ್ದಿದ್ದೀವಲ್ಲೋ" ಅಂತ ಅರ್ಧ ಗಂಟೆ ಕೂಗಾಡಿದ. ಮೋಸ ಏನಿಲ್ಲ. 60ನೇ ನಿಮಿಷದಲ್ಲಿ ಸ್ಕೋರು 2-2 ಇತ್ತು, ಅವನ ಬಾಜಿ ಅಲ್ಲಿಗೇ ಮುಗಿದಿತ್ತು.

ಸಮದ ಬಾಜಿಯ ಹಿಂದೆ ಇನ್ನೊಂದು ಸ್ವಾರಸ್ಯ ಇದೆ. ಎನ್‌ಎಚ್‌ಎಲ್‌ನಲ್ಲಿ ಗೆದ್ದರೆ 2 ಅಂಕ. ಆದರೆ ಓವರ್‌ಟೈಮ್ ಅಥವಾ ಶೂಟೌಟ್‌ನಲ್ಲಿ ಸೋತವರಿಗೂ 1 ಅಂಕ ಸಿಗುತ್ತದೆ. ಹಾಗಾಗಿ ಮೂರನೇ ಪೀರಿಯಡ್ಡಿನ ಕೊನೆಗೆ ಸ್ಕೋರು ಸಮ ಇದ್ದರೆ ಯಾರಿಗೂ ಆತುರವಿಲ್ಲ. ಸುಮ್ನೆ ಮುನ್ನುಗ್ಗಿ ಗೋಲು ತಿನ್ನುವುದಕ್ಕಿಂತ ಒಂದೊಂದು ಅಂಕ ಜೇಬಿಗೆ ಹಾಕಿಕೊಂಡು ಆಮೇಲೆ ಎರಡನೆಯದಕ್ಕೆ ಕಿತ್ತಾಡೋಣ ಅನ್ನೋ ಲೆಕ್ಕ.

ಇನ್ನು ಪಕ್ ಲೈನ್. ಗಲ್ಲಿ ಕ್ರಿಕೆಟ್‌ನಲ್ಲಿ ಸಣ್ಣ ಹುಡುಗರ ಟೀಮಿಗೆ ಹತ್ತು ರನ್ ಫ್ರೀ ಕೊಟ್ಟು ಆಡುತ್ತಿದ್ದೆವಲ್ಲ, ಅದೇ ಇದು. ಹಾಕಿಯಲ್ಲಿ ಆ ಫ್ರೀ ಹೆಚ್ಚಾಗಿ ಒಂದೂವರೆ ಗೋಲು. ಬಲವಾದ ತಂಡ -1.5 ಅಂದರೆ ಅದು ಎರಡು ಅಥವಾ ಹೆಚ್ಚು ಗೋಲುಗಳಿಂದ ಗೆಲ್ಲಬೇಕು. ದುರ್ಬಲ ತಂಡ +1.5 ಅಂದರೆ ಅದು ಗೆದ್ದರೂ ಸರಿ, ಒಂದೇ ಗೋಲಿನಿಂದ ಸೋತರೂ ಸರಿ, ಬಾಜಿ ಗೆದ್ದಂತೆ. ಪಂದ್ಯ ಓವರ್‌ಟೈಮ್‌ಗೆ ಹೋಯಿತು ಅಂದರೆ +1.5 ಹಿಡಿದವನು ಟೀವಿ ಆರಿಸಿ ಮಲಗಬಹುದು. ಅಲ್ಲಿಂದ ಮುಂದೆ ಯಾರೇ ಗೆದ್ದರೂ ಒಂದೇ ಗೋಲಿನ ಅಂತರ.

ಮೂರನೆಯದು ಟೋಟಲ್. ಎರಡೂ ತಂಡ ಸೇರಿ ಎಷ್ಟು ಗೋಲು? ಸಾಮಾನ್ಯವಾಗಿ 5.5, 6 ಅಥವಾ 6.5 ಎಂದು ಗೆರೆ ಎಳೆಯುತ್ತಾರೆ. ಮೇಲಾದರೆ ಓವರ್, ಕೆಳಗಾದರೆ ಅಂಡರ್. ಗೆರೆ ಸರಿಯಾಗಿ 6 ಇದ್ದು ಆರೇ ಗೋಲು ಬಂದರೆ ದುಡ್ಡು ವಾಪಸ್. ಶೂಟೌಟ್‌ನಲ್ಲಿ ಎಷ್ಟು ಸಲ ಗೋಲು ಹೊಡೆದರೂ ಗೆದ್ದವರಿಗೆ ಒಂದೇ ಗೋಲು ಸೇರಿಸುತ್ತಾರೆ. 3-3 ಆಗಿ ಶೂಟೌಟ್‌ಗೆ ಹೋದರೆ ಲೆಕ್ಕಕ್ಕೆ ಅದು 4-3, ಏಳು ಗೋಲು.

ಈ ಮೂರೂ ಬಾಜಿಗಳು ಒಂದೇ ಕಡೆ ಡಿಕ್ಕಿ ಹೊಡೆಯುವುದನ್ನು ನೋಡಬೇಕೆಂದರೆ ಪಂದ್ಯದ ಕೊನೆಯ ಎರಡು ನಿಮಿಷ ನೋಡಿ. ನನ್ನ ಮಟ್ಟಿಗೆ ಇಡೀ ಹಾಕಿ ಬೆಟ್ಟಿಂಗಿನಲ್ಲಿ ಇದರಷ್ಟು ವಿಚಿತ್ರವಾದದ್ದು ಇನ್ನೊಂದಿಲ್ಲ.

ಒಂದು ಗೋಲು ಹಿಂದಿರುವ ತಂಡ ಕೊನೆಯಲ್ಲಿ ತನ್ನ ಗೋಲ್‌ಕೀಪರನ್ನೇ ಹೊರಗೆ ಕರೆಸಿಕೊಳ್ಳುತ್ತದೆ. ಅವನ ಜಾಗಕ್ಕೆ ಇನ್ನೊಬ್ಬ ಆಟಗಾರ ಬರುತ್ತಾನೆ. ಆರು ಜನ ದಾಳಿಗೆ, ಹಿಂದೆ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲು ಬಾಗಿಲು ತೆರೆದ ಮನೆಯ ಹಾಗೆ ಖಾಲಿ. ಮೊದಲ ಸಲ ನೋಡಿದಾಗ ಇವರಿಗೆ ತಲೆ ಕೆಟ್ಟಿದೆಯಾ ಅನಿಸಿತ್ತು. ಆದರೆ ಲೆಕ್ಕ ಸರಳ. ಒಂದು ಗೋಲಿನಿಂದ ಸೋತರೂ ಸೊನ್ನೆ ಅಂಕ, ಎರಡರಿಂದ ಸೋತರೂ ಸೊನ್ನೆ. ಕಳೆದುಕೊಳ್ಳಲು ಏನೂ ಇಲ್ಲ. ಸಮ ಮಾಡಿಕೊಂಡರೆ ಒಂದು ಅಂಕವಂತೂ ಗ್ಯಾರಂಟಿ. 2013-14ರಲ್ಲಿ ಕೊಲೊರಾಡೊ ತಂಡದ ಕೋಚ್ ಆಗಿದ್ದ ಪ್ಯಾಟ್ರಿಕ್ ರುವಾ ಇದನ್ನು ಬೇರೆಯವರಿಗಿಂತ ತುಂಬಾ ಮುಂಚೆಯೇ ಮಾಡಿ ಹೆಸರಾದರು. ಅವರೇ ಹಿಂದೆ ಆಟದ ದೊಡ್ಡ ಗೋಲ್‌ಕೀಪರುಗಳಲ್ಲಿ ಒಬ್ಬರು ಅನ್ನೋದು ಇದರ ತಮಾಷೆ.

ಈಗ ಬಾಜಿ ಕಟ್ಟಿದವರ ಕಡೆ ಬನ್ನಿ. ಸ್ಕೋರು 3-2, ಎರಡು ನಿಮಿಷ ಬಾಕಿ, ಟೋಟಲ್ ಗೆರೆ 5.5. ಈ ಕ್ಷಣಕ್ಕೆ ಪಂದ್ಯ ನಿಂತರೆ -1.5 ಹಿಡಿದವನು ಸೋತ, ಅಂಡರ್ ಹಿಡಿದವನು ಗೆದ್ದ. ಗೋಲ್‌ಕೀಪರ್ ಹೊರಗೆ ಬಂದ. ಮುಂದಿದ್ದ ತಂಡದವನೊಬ್ಬ ಪಕ್ ಕಸಿದು ಅಂಗಳದ ಆ ತುದಿಯಿಂದ ಸುಮ್ನೆ ತಳ್ಳಿದ, ಅದು ಜಾರುತ್ತಾ ಜಾರುತ್ತಾ ಹೋಗಿ ಖಾಲಿ ಗೋಲಿಗೆ ಬಿತ್ತು. 4-2. ಈಗ -1.5 ಗೆದ್ದ, +1.5 ಸೋತ, ಅಂಡರ್ ಸೋತ, ಓವರ್ ಗೆದ್ದ. ಪಂದ್ಯದ ಗೆಲುವಿಗೆ ಆ ಗೋಲಿನಿಂದ ಏನೂ ಬದಲಾಗಲಿಲ್ಲ. ಬಾಜಿಗಳು ಮಾತ್ರ ತಲೆಕೆಳಗಾದವು. ಅದರ ಬದಲು ಹಿಂದಿದ್ದ ತಂಡವೇ ಗೋಲು ಹೊಡೆದಿದ್ದರೆ 3-3, ಆಗಲೂ ಓವರ್ ಗೆದ್ದಂತೆ, ಆದರೆ -1.5ರ ಕಥೆ ಮುಗಿಯಿತು. ಬಾರ್‌ನಲ್ಲಿ ಕೂತು ಇಂಥ ಪಂದ್ಯ ನೋಡುವಾಗ, ಗೆಲುವು ಖಚಿತವಾದ ಮೇಲೂ ಒಬ್ಬ ಮೇಜು ಗುದ್ದಿ ಬೈಯುತ್ತಿದ್ದರೆ ಅವನು ಯಾವ ಬಾಜಿ ಹಿಡಿದಿದ್ದ ಅಂತ ಊಹಿಸಬಹುದು.

ಹಾಗಾಗಿ 5.5ರ ಅಂಡರ್ ಕಟ್ಟುವವರು ಮೊದಲ 58 ನಿಮಿಷದ ಆಟವನ್ನಷ್ಟೇ ಯೋಚಿಸಿದರೆ ಸಾಲದು. ಒಂದೆರಡು ಗೋಲಿನ ಅಂತರದ ಪಂದ್ಯಗಳಲ್ಲಿ ಕೊನೆಯಲ್ಲೊಂದು ಗೋಲು ಬೀಳುವ ಸಾಧ್ಯತೆ ರೇಟಿನಲ್ಲೇ ಸೇರಿಕೊಂಡಿರುತ್ತದೆ.

ಗೋಲ್‌ಕೀಪರ್ ಹೊರಗೆ ಹೋದರೆ ಇಷ್ಟು ಗಲಾಟೆ. ಒಳಗಿದ್ದಾಗ ಅವನ ಬೆಲೆ ಇನ್ನೂ ಜಾಸ್ತಿ. ಸರಾಸರಿ ಗೋಲ್‌ಕೀಪರ್ ತನ್ನ ಮೇಲೆ ಬಂದ ನೂರು ಹೊಡೆತಗಳಲ್ಲಿ ಸುಮಾರು 90 ತಡೆಯುತ್ತಾನೆ. ಒಂದು ಪಂದ್ಯಕ್ಕೆ 30 ಹೊಡೆತ ಅಂದುಕೊಳ್ಳಿ: ಮೂರು ಗೋಲು ತಿಂದ. ನೂರಕ್ಕೆ 91.5 ತಡೆಯುವವನು ಅದೇ 30 ಹೊಡೆತಕ್ಕೆ 2.55 ಗೋಲು ತಿನ್ನುತ್ತಾನೆ. ಹೆಚ್ಚುಕಮ್ಮಿ ಅರ್ಧ ಗೋಲಿನ ವ್ಯತ್ಯಾಸ. ಇಬ್ಬರೂ ಸೇರಿ ಆರೇ ಗೋಲು ಹೊಡೆಯುವ ಆಟದಲ್ಲಿ ಅರ್ಧ ಗೋಲು ಅಂದರೆ ದೊಡ್ಡ ಮಾತು. ಯಾವ ಸ್ಟಾರ್ ಆಟಗಾರನೂ ಒಬ್ಬನೇ ಇಷ್ಟು ರೇಟು ಅಲ್ಲಾಡಿಸಲಾರ.

ಬ್ಲೂಸ್ ಕಥೆಯ ಒಳಗೂ ಒಬ್ಬ ಗೋಲ್‌ಕೀಪರ್ ಇದ್ದಾನೆ. ಜೋರ್ಡನ್ ಬಿನ್ನಿಂಗ್ಟನ್. ಕೆಳಗಿನ ಲೀಗ್‌ನಲ್ಲಿ ಆಡಿಕೊಂಡಿದ್ದವನನ್ನು ಕರೆಸಿದ್ದರು. 2019ರ ಜನವರಿ 7ರಂದು ಫಿಲಡೆಲ್ಫಿಯ ವಿರುದ್ಧ ಮೊದಲ ಸಲ ಶುರುವಿನಿಂದ ನಿಂತ, ಒಂದೂ ಗೋಲು ಬಿಡಲಿಲ್ಲ. ಆ ಲೀಗ್ ಹಂತ ಮುಗಿಯುವಷ್ಟರಲ್ಲಿ 24 ಗೆಲುವು, ನಿಗದಿತ ಸಮಯದಲ್ಲಿ 5 ಸೋಲು, ಓವರ್‌ಟೈಮ್‌ನಲ್ಲಿ 1. 250ಕ್ಕೆ 1 ಎಂದು ರೇಟು ಬರೆದವರು ನೋಡುತ್ತಿದ್ದದ್ದು ಡಿಸೆಂಬರಿನ ಬ್ಲೂಸ್ ತಂಡವನ್ನು. ಫೆಬ್ರವರಿಯ ಹೊತ್ತಿಗೆ ಅದು ಬೇರೆಯೇ ತಂಡ. ಕಟ್ಟಿದ ಅಭಿಮಾನಿಗೆ ಇದೆಲ್ಲ ಗೊತ್ತಿತ್ತಾ? ಇರಲಾರದು. ಅವನದು ಪ್ರೀತಿಯ ಬಾಜಿ. ಆದರೂ ಅದು ಅಗ್ಗದ ಮಾಲಾಗಿತ್ತು.

ತಂಡಗಳು ಇಬ್ಬರು ಗೋಲ್‌ಕೀಪರುಗಳನ್ನು ಇಟ್ಟುಕೊಂಡಿರುತ್ತವೆ. ಲೀಗ್ ಹಂತದಲ್ಲಿ 80ಕ್ಕೂ ಹೆಚ್ಚು ಪಂದ್ಯ, ಎಲ್ಲವನ್ನೂ ಒಬ್ಬನೇ ಆಡಲಾರ. ಹಿಂದಿನ ರಾತ್ರಿ ಒಂದು ಊರಲ್ಲಿ, ಈ ರಾತ್ರಿ ಇನ್ನೊಂದು ಊರಲ್ಲಿ ಪಂದ್ಯ ಇದ್ದರೆ ಸಾಮಾನ್ಯವಾಗಿ ಒಂದಕ್ಕೆ ಎರಡನೇ ಗೋಲ್‌ಕೀಪರ್ ಬರುತ್ತಾನೆ, ಉಳಿದವರ ಕಾಲೂ ಸೋತಿರುತ್ತದೆ. ಪಂದ್ಯದ ದಿನ ಬೆಳಿಗ್ಗೆ ತಂಡ ಸ್ವಲ್ಪ ಹೊತ್ತು ಅಭ್ಯಾಸ ಮಾಡುತ್ತದೆ. ಆಗ ಐಸ್ ಬಿಟ್ಟು ಮೊದಲು ಹೊರಡುವ ಗೋಲ್‌ಕೀಪರೇ ಆ ರಾತ್ರಿ ಆಡುವವನು ಅನ್ನೋದು ಹಳೆಯ ವಾಡಿಕೆ. ಅದನ್ನು ನೋಡಲೆಂದೇ ಪತ್ರಕರ್ತರು ಬೆಳಿಗ್ಗೆ ಬಂದು ಕೂತಿರುತ್ತಾರೆ. ಸುದ್ದಿ ಹೊರಬಿದ್ದ ಕೆಲವೇ ನಿಮಿಷಗಳಲ್ಲಿ ರೇಟು ಅಲ್ಲಾಡುತ್ತದೆ. ಗೋಲ್‌ಕೀಪರ್ ಯಾರೆಂದು ಗೊತ್ತಾಗುವ ಮೊದಲೇ ದುಡ್ಡು ಕಟ್ಟುವುದು ಪಿಚ್ ನೋಡದೆ ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡ ಹಾಗೆ.

ಎಲ್ಲ ಗೊತ್ತಿದ್ದರೂ ಏನಾಗಬಹುದು ಅನ್ನೋದಕ್ಕೆ 2020ರ ಫೆಬ್ರವರಿ 22 ಒಂದೇ ಸಾಕು. ಟೊರೊಂಟೊದಲ್ಲಿ ಮೇಪಲ್ ಲೀಫ್ಸ್ ವಿರುದ್ಧ ಕ್ಯಾರೊಲೈನಾ ಹರಿಕೇನ್ಸ್ ಆಡುತ್ತಿತ್ತು. ಅವರ ಇಬ್ಬರೂ ಗೋಲ್‌ಕೀಪರುಗಳು ಒಬ್ಬರ ಹಿಂದೆ ಒಬ್ಬರು ಗಾಯಗೊಂಡು ಹೊರಟರು. ಆಗಿನ ನಿಯಮದ ಪ್ರಕಾರ ಅಂಥ ಹೊತ್ತಿಗೆಂದೇ ಊರಿನವನೊಬ್ಬ ಸ್ಟೇಡಿಯಂನಲ್ಲಿ ಕೂತಿರುತ್ತಿದ್ದ. ಆ ರಾತ್ರಿ ಇದ್ದವನು ಡೇವಿಡ್ ಏರ್ಸ್, ವಯಸ್ಸು 42, ಐಸ್ ನುಣುಪು ಮಾಡುವ ಜಾಂಬೋನಿ ಗಾಡಿ ಓಡಿಸಿದ್ದವನು. ಅವನು ಗೋಲಿಗೆ ಬಂದ ಕೂಡಲೇ ಟೊರೊಂಟೊ ಗೆದ್ದಂತೆಯೇ ಎಂದು ಅಂದುಕೊಳ್ಳದವರು ಯಾರು? ಎರಡು ಗೋಲು ಬಿಟ್ಟ. ಆಮೇಲೆ ಒಂದನ್ನೂ ಬಿಡಲಿಲ್ಲ. ಹತ್ತರಲ್ಲಿ ಎಂಟು ತಡೆದ. ಕ್ಯಾರೊಲೈನಾ 6-3ರಿಂದ ಗೆದ್ದಿತು. ಪಂದ್ಯ ನಡೆಯುವಾಗಲೇ ಕಟ್ಟುವ ‘ಲೈವ್’ ಬಾಜಿ ಬಗ್ಗೆ ನನ್ನನ್ನು ಯಾರಾದರೂ ಕೇಳಿದರೆ ಈ ಕಥೆ ಹೇಳಿ ಸುಮ್ಮನಾಗುತ್ತೇನೆ.

ಇದು ಒಂದು ರಾತ್ರಿಯ ಮಾತಾಯಿತು. ಇಡೀ ಸೀಸನ್ ಒಳ್ಳೆಯದಿದ್ದರೂ ಹಾಕಿ ಕೈಕೊಡುತ್ತದೆ. 2018-19ರಲ್ಲಿ ಟ್ಯಾಂಪಾ ಬೇ 82ರಲ್ಲಿ 62 ಪಂದ್ಯ ಗೆದ್ದು ಹಳೆಯ ದಾಖಲೆ ಸರಿಗಟ್ಟಿತು. ಲೀಗ್ ಹಂತದ ನಂತರದ ನಾಕೌಟ್, ಅಂದರೆ ಪ್ಲೇಆಫ್‌ನ ಮೊದಲ ಸುತ್ತಿನ ಏಳು ಪಂದ್ಯಗಳ ಸರಣಿಯಲ್ಲೇ ಕೊಲಂಬಸ್ ತಂಡಕ್ಕೆ 0-4ರಿಂದ ಶರಣಾಯಿತು. 2022-23ರಲ್ಲಿ ಬಾಸ್ಟನ್ 65 ಗೆಲುವು, 135 ಅಂಕ, ಎರಡೂ ಲೀಗ್ ದಾಖಲೆ. ಮೊದಲ ಸುತ್ತಿನಲ್ಲಿ ಫ್ಲೋರಿಡಾ ವಿರುದ್ಧ 3-1 ಮುಂದಿದ್ದು, ತವರಿನಲ್ಲೇ ಏಳನೇ ಪಂದ್ಯದ ಓವರ್‌ಟೈಮ್‌ನಲ್ಲಿ ಸೋತಿತು. ಬಾಸ್ಕೆಟ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಒಂದೊಂದು ತಂಡಕ್ಕೂ ನೂರು ಚಿಲ್ಲರೆ ಪಾಯಿಂಟ್, ಅದೃಷ್ಟ ಒಂದು ಕಡೆ ವಾಲಿದರೂ ಮತ್ತೆ ಸಮ ಆಗಲು ಸಮಯವಿದೆ. ಇಲ್ಲಿ ಒಂದು ಪಕ್ ಯಾರದೋ ಸ್ಕೇಟಿಗೆ ತಾಗಿ ತಿರುಗಿದರೆ ಸೀಸನ್ ಮುಗಿಯಿತು.

ಈ ಅದೃಷ್ಟವನ್ನು ಅಳೆಯಲು ಲೆಕ್ಕದವರು ಕೆಲವು ಉಪಾಯ ಮಾಡಿಕೊಂಡಿದ್ದಾರೆ. ಗೋಲು ಎಣಿಸುವ ಬದಲು ಗೋಲಿನ ಕಡೆ ಹೊಡೆದ ಎಲ್ಲ ಹೊಡೆತಗಳನ್ನು, ಹೊರಗೆ ಹೋದದ್ದು, ನಡುವೆ ಯಾರೋ ತಡೆದದ್ದು ಎಲ್ಲ ಸೇರಿಸಿ ಎಣಿಸುವುದಕ್ಕೆ ಕೋರ್ಸಿ ಎಂದು ಹೆಸರು. ಬಫಲೊ ತಂಡದಲ್ಲಿ ಗೋಲ್‌ಕೀಪಿಂಗ್ ಕೋಚ್ ಆಗಿದ್ದ ಜಿಮ್ ಕೋರ್ಸಿ ಅವರ ಹೆಸರು ಅದು. ಇನ್ನೊಂದು ಪಿಡಿಒ. ತಂಡದ ಹೊಡೆತಗಳಲ್ಲಿ ಶೇಕಡಾ ಎಷ್ಟು ಗೋಲಾದವು, ಅದರ ಗೋಲ್‌ಕೀಪರ್ ಶೇಕಡಾ ಎಷ್ಟು ತಡೆದ, ಎರಡನ್ನೂ ಕೂಡಿ. ಇಡೀ ಲೀಗ್‌ಗೆ ಇದು ಸರಿಯಾಗಿ 100. ಯಾವುದಾದರೂ ತಂಡ ತಿಂಗಳುಗಟ್ಟಲೆ 104ರಲ್ಲಿದ್ದರೆ ಅದು ಹೆಚ್ಚಾಗಿ ಗಾಳಿ ಬಂದಾಗ ತೂರಿಕೊಂಡದ್ದು, ಗಾಳಿ ನಿಂತಾಗ ಕೆಳಗೆ ಬರುತ್ತದೆ. ಆದರೆ ಇವೆಲ್ಲ ಇಂಟರ್ನೆಟ್‌ನಲ್ಲಿ ಬಿಟ್ಟಿ ಸಿಗುತ್ತವೆ. ನಮಗೆ ಸಿಕ್ಕದ್ದು ರೇಟು ಬರೆಯುವವರಿಗೆ ಸಿಕ್ಕಿಲ್ಲ ಅಂದುಕೊಳ್ಳುವುದು ಭ್ರಮೆ.

ಪ್ಲೇಆಫ್‌ನಲ್ಲಿ ನಿಯಮ ಬದಲು. ಶೂಟೌಟ್ ಇಲ್ಲ. ಗೋಲ್‌ಕೀಪರ್ ಬಿಟ್ಟು ಐದೈದು ಜನರೇ, 20 ನಿಮಿಷದ ಪೀರಿಯಡ್ ಮೇಲೆ ಪೀರಿಯಡ್, ಯಾರಾದರೂ ಗೋಲು ಹೊಡೆಯುವ ತನಕ. 1936ರಲ್ಲಿ ಡೆಟ್ರಾಯ್ಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ಪಂದ್ಯ ಆರನೇ ಓವರ್‌ಟೈಮ್‌ವರೆಗೆ ಹೋಗಿತ್ತು. ಅಷ್ಟೆಲ್ಲ ಆಡಿ ಕೊನೆಗೆ ಸ್ಕೋರು 1-0. ಆ ರಾತ್ರಿ ಅಂಡರ್ ಹಿಡಿದವರು ಯಾರಾದರೂ ಇದ್ದಿದ್ದರೆ ಸುಸ್ತಾಗಿ ಗೆದ್ದಿರುತ್ತಿದ್ದರು.

ಇನ್ನು ಪಾರ್ಲೆ. ಬಿಸ್ಕತ್ತಲ್ಲ. ಎರಡು ಮೂರು ನಾಲ್ಕು ಬಾಜಿಗಳನ್ನು ಒಂದೇ ಚೀಟಿಗೆ ಪೋಣಿಸುವುದು. ಎಲ್ಲವೂ ಗೆದ್ದರೆ ದೊಡ್ಡ ಮೊತ್ತ, ಒಂದು ಸೋತರೂ ಚೀಟಿ ಕಸದ ಬುಟ್ಟಿಗೆ. ಜಾಹೀರಾತಿನಲ್ಲಿ ಇದೇ ಜಾಸ್ತಿ ಕಾಣುವುದಕ್ಕೆ ಕಾರಣವಿದೆ. ನಾಣ್ಯ ಚಿಮ್ಮಿದಂತೆ ಅರ್ಧಕ್ಕರ್ಧ ಸಾಧ್ಯತೆಯ ನಾಲ್ಕು ಬಾಜಿ, ಪ್ರತಿಯೊಂದಕ್ಕೂ 1.91 ರೇಟು. ನಾಲ್ಕನ್ನೂ ಗುಣಿಸಿದರೆ 13.31. ನ್ಯಾಯವಾಗಿ ಬರಬೇಕಾದದ್ದು 16. ಒಂದು ಬಾಜಿಯಲ್ಲಿ ನೂರಕ್ಕೆ ನಾಲ್ಕೂವರೆ ಇದ್ದ ಕಮಿಷನ್ ನಾಲ್ಕು ಪೋಣಿಸಿದಾಗ 17ರ ಹತ್ತಿರ ಬಂತು. ಕಮಿಷನ್ ಮೇಲೆ ಕಮಿಷನ್, ಚಕ್ರಬಡ್ಡಿಯ ಹಾಗೆ. ಸೀಸನ್ ಶುರುವಿನಲ್ಲೇ ಕಪ್ ಯಾರಿಗೆ ಅನ್ನೋ ಬಾಜಿಯೂ ಇದೇ ಜಾತಿಯದು. ಈಗಿರುವ 32 ತಂಡಗಳ ರೇಟನ್ನೂ ಶೇಕಡಾವಾರಿಗೆ ತಿರುಗಿಸಿ ಕೂಡಿ ನೋಡಿ, 100ನ್ನು ಎಷ್ಟು ದಾಟುತ್ತದೆ ಎಂದು ಕಂಡರೆ ಗಾಬರಿಯಾಗುತ್ತದೆ. ಇಂಥವನು ಗೋಲು ಹೊಡೆಯುತ್ತಾನಾ, ಎಷ್ಟು ಹೊಡೆತ ಹೊಡೆಯುತ್ತಾನೆ ಅನ್ನೋ ಚಿಲ್ಲರೆ ಬಾಜಿಗಳಲ್ಲೂ ಕಮಿಷನ್ ದಪ್ಪವೇ.

ಕೆನಡಾದಲ್ಲಿ ಬಹಳ ವರ್ಷ ಕಾನೂನಿನ ಪ್ರಕಾರ ಸಿಗುತ್ತಿದ್ದದ್ದೇ ಪಾರ್ಲೆ. ಒಂದೇ ಪಂದ್ಯದ ಮೇಲೆ ಬಾಜಿ ಕಟ್ಟಿಸಿಕೊಳ್ಳುವುದು ಅಪರಾಧವಾಗಿತ್ತು. ಪ್ರಾಂತ್ಯ ಸರ್ಕಾರಗಳ ಲಾಟರಿ ಸಂಸ್ಥೆಗಳೂ ಹಲವು ಪಂದ್ಯ ಪೋಣಿಸಿದ ಚೀಟಿಯನ್ನೇ ಮಾರಬೇಕಿತ್ತು. 2021ರ ಆಗಸ್ಟ್ 27ಕ್ಕೆ ಆ ನಿಷೇಧ ಹೋಯಿತು. 2022ರ ಏಪ್ರಿಲ್ 4ರಂದು ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಆಮೇಲೆ ಟೀವಿ ಹಾಕಿದರೆ ಸಾಕು, ಹಾಕಿ ತಾರೆಯರಾದ ವೇಯ್ನ್ ಗ್ರೆಟ್ಸ್ಕಿ, ಕಾನರ್ ಮೆಕ್‌ಡೇವಿಡ್ ಬಂದು ಬೆಟ್ಟಿಂಗ್ ಜಾಹೀರಾತು ಮಾಡುತ್ತಿದ್ದರು. ಮಕ್ಕಳು ನೋಡುತ್ತಾರೆ ಎಂಬ ಗಲಾಟೆಯಾಗಿ 2024ರ ಫೆಬ್ರವರಿ 28ರಿಂದ ಇಂಥ ಜಾಹೀರಾತಿನಲ್ಲಿ ಕ್ರೀಡಾಪಟುಗಳನ್ನು ಬಳಸುವುದಕ್ಕೆ ಒಂಟಾರಿಯೊ ತಡೆ ಹಾಕಿತು. ಇಲ್ಲಿ ಬಾಜಿ ಕಟ್ಟಲು 19 ವರ್ಷ ತುಂಬಿರಬೇಕು.

ಅಮೆರಿಕದಲ್ಲಿ ಬಾಗಿಲು ತೆರೆದದ್ದು 2018ರ ಮೇ 14ರ ಸುಪ್ರೀಂ ಕೋರ್ಟ್ ತೀರ್ಪು. ನ್ಯೂಜೆರ್ಸಿಯಲ್ಲಿ ಬೆಟ್ಟಿಂಗ್ ಬೇಡ ಎಂದು ಕೋರ್ಟಿಗೆ ಹೋಗಿದ್ದ ಲೀಗ್‌ಗಳಲ್ಲಿ ಎನ್‌ಎಚ್‌ಎಲ್ ಕೂಡ ಒಂದು. ಸೋತ ಐದೇ ತಿಂಗಳಿಗೆ, ಅಕ್ಟೋಬರಿನಲ್ಲಿ, ಅದೇ ಎನ್‌ಎಚ್‌ಎಲ್ ಎಂಜಿಎಂ ಕ್ಯಾಸಿನೊ ಕಂಪನಿ ಜೊತೆ ಬೆಟ್ಟಿಂಗ್ ಒಪ್ಪಂದ ಮಾಡಿಕೊಂಡಿತು. ಆಟಗಾರರಿಗೆ ಮಾತ್ರ ಬಿಗಿ ಹಾಗೇ ಇದೆ. 1948ರಲ್ಲಿ ಬಿಲ್ಲಿ ಟೇಲರ್, ಡಾನ್ ಗ್ಯಾಲಿಂಜರ್ ಇಬ್ಬರಿಗೂ ಜೂಜಿನ ಕಾರಣಕ್ಕೆ ಜೀವನಪೂರ್ತಿ ನಿಷೇಧ ಹಾಕಿದ್ದರು, ತೆಗೆದದ್ದು 1970ರಲ್ಲಿ. 2023ರ ಅಕ್ಟೋಬರಿನಲ್ಲಿ ಒಟ್ಟಾವದ ಶೇನ್ ಪಿಂಟೊ ಬೆಟ್ಟಿಂಗ್ ಚಟುವಟಿಕೆಗಾಗಿ 41 ಪಂದ್ಯ ಹೊರಗೆ ಕೂತ. ಅವನು ಎನ್‌ಎಚ್‌ಎಲ್ ಪಂದ್ಯಗಳ ಮೇಲೆ ಕಟ್ಟಿದ್ದಕ್ಕೆ ಪುರಾವೆ ಸಿಕ್ಕಿಲ್ಲ ಎಂದು ಲೀಗ್ ಹೇಳಿತ್ತು.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅದನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ವಿದೇಶಿ ಆ್ಯಪ್ ತೆಗೆದು ಬೆಂಗಳೂರಿನಿಂದ ಲೀಫ್ಸ್ ಮೇಲೆ ಕಟ್ಟಿ ನಾಳೆ ದುಡ್ಡು ಬರಲಿಲ್ಲ ಅಂದರೆ ಯಾರ ಹತ್ತಿರವೂ ದೂರು ಕೊಡಲಾಗದು.

ನಾನು ಒಂದು ಸೀಸನ್ ಪೂರ್ತಿ ನೋಟ್‌ಬುಕ್ಕಿನಲ್ಲಿ ಬಾಜಿ ಕಟ್ಟಿದೆ. ನಿಜವಾದ ದುಡ್ಡಿಲ್ಲ, ಬರೀ ಪೆನ್ನು. ಪ್ರತಿ ಸಲ 10 ಡಾಲರ್, ಒಟ್ಟು 100 ಬಾಜಿ, ಎಲ್ಲ ಮನಿಲೈನ್. ಪಂದ್ಯ ಶುರುವಾಗುವ ಮೊದಲೇ ರೇಟು ಬರೆದಿಡಬೇಕು, ಆಮೇಲೆ ತಿದ್ದಬಾರದು ಅನ್ನೋದೊಂದೇ ನಿಯಮ. 54 ಗೆದ್ದೆ, 46 ಸೋತೆ. ಹೆಂಡತಿಗೆ ತೋರಿಸಿ ಬೀಗಿದೆ. ಅವಳು ಕ್ಯಾಲ್ಕುಲೇಟರ್ ತಂದಳು. ನಾನು ಹಿಡಿದದ್ದು ಹೆಚ್ಚಾಗಿ ಫೇವರಿಟ್ ತಂಡಗಳನ್ನೇ, ಸರಾಸರಿ ರೇಟು 1.77. ಗೆದ್ದ 54ರಿಂದ ಬಂದ ಲಾಭ ಸುಮಾರು 416 ಡಾಲರ್, ಸೋತ 46ರಲ್ಲಿ ಹೋದದ್ದು 460. ಅವಳು ಪುಟದ ಕೆಳಗೆ ‘-44’ ಎಂದು ಬರೆದು, ಸುತ್ತ ಒಂದು ಗೆರೆ ಎಳೆದು, ಪೆನ್ನು ನನ್ನ ಕೈಗೆ ಕೊಟ್ಟಳು.